ಅಹಮದಾಬಾದಿನಿಂದ ಮುಗಿಲಿಗೇರಿದ ಕನ್ನಡ

ಕನ್ನಡ ದೂರದರ್ಶನ ಎಂದೊಡನೆ ನಮಗೆ ನೆನಪಾಗುವುದು 1981ರಲ್ಲಿ ಆರಂಭವಾದ ಬೆಂಗಳೂರು ಕೇಂದ್ರ. ಆದರೆ ಅದಕ್ಕೂ ಆರು ವರ್ಷ ಮೊದಲೇ ದೂರದರ್ಶನದ ಕನ್ನಡ ಮಾತು ನಮ್ಮ ಹಳ್ಳಿಗಳನ್ನು ತಲುಪಿತ್ತು. ಅದು ಮುಗಿಲಿಗೇರಿದ್ದು ಅಹಮದಾಬಾದಿನಿಂದ! ಗುಜರಾತಿನ ಕನ್ನಡ ಬಂಧುಗಳೆಲ್ಲ ನೆನೆಯಬೇಕಾದ ಸಂಗತಿಯಿದು.

ಇದರ ಕನಸು ಕಂಡವರು ಇದೇ ಊರಿನ ಡಾ. ವಿಕ್ರಮ್ ಸಾರಾಭಾಯಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ನರ ಬಳಿ ಸಂಶೋಧನೆ ಮಾಡಿದ್ದವರು. ದೂರದರ್ಶನವು ನಗರವಾಸಿಗಳ ಸೊತ್ತಾಗಬಾರದು, ದೂರದ ಹಳ್ಳಿಗಳಿಗೂ ಹೋಗಬೇಕು ಎಂಬುದು ಅವರ ನಿಲುವು. 1969ರಲ್ಲಿ ಅಮೆರಿಕದ ನಾಸಾದೊಡನೆ ಒಪ್ಪಂದವಾಯಿತು. 1971ರಲ್ಲಿ ಸಾರಾಭಾಯಿಯವರು ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ.

1975ರ ಆಗಸ್ಟ್ 1ರಿಂದ ಒಂದು ವರ್ಷ 'ಸೈಟ್' ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಕರ್ನಾಟಕದ ಪಾಲಿಗೆ ಬಂದವು ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಕನ್ನಡ, ತೆಲುಗು ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ಅಹಮದಾಬಾದಿನ ಭೂಕೇಂದ್ರ ಅವನ್ನು ಉಪಗ್ರಹಕ್ಕೆ ಕಳಿಸುತ್ತಿತ್ತು. ಹಳ್ಳಿಯಲ್ಲಿ ತಂತಿಬಲೆಯ ದೊಡ್ಡ ಕೊಡೆಯಂಥ ಆಂಟೆನಾ, ಊರಿಗೆಲ್ಲ ಸೇರಿ ಒಂದು ಪೆಟ್ಟಿಗೆ. ಬೆಳಿಗ್ಗೆ ಶಾಲಾಮಕ್ಕಳಿಗೆ ಪಾಠ, ಸಂಜೆ ಬೇಸಾಯ, ಆರೋಗ್ಯ, ಮನರಂಜನೆ.

ಒಂದೇ ಚಿತ್ರಕ್ಕೆ ಎರಡು ಭಾಷೆಯ ಧ್ವನಿ ಜೋಡಿಸುವ ಅನುಕೂಲವೂ ಅದರಲ್ಲಿತ್ತು. ಆದರೆ ಮಾತು ಕನ್ನಡವಾದರೆ ಸಾಕೆ? ತೆರೆಯ ಮೇಲೆ ಕಾಣುವ ಹೊಲ, ಉಡುಗೆ, ಮನೆ ಯಾರದು? ಇದಕ್ಕೆ ಉತ್ತರ ಕೊಟ್ಟದ್ದು ಅಹಮದಾಬಾದಿನ ನೆರೆಯ ಖೇಡಾ ಜಿಲ್ಲೆ. ಅಲ್ಲಿನ ಪೀಜ್ ಗ್ರಾಮದ ಪ್ರಸಾರ ಕೇಂದ್ರದಿಂದ ಹಳ್ಳಿಗರದೇ ಆಡುಮಾತು, ಅವರದೇ ಕಷ್ಟಸುಖ ಪ್ರಸಾರವಾದವು. ಹಳ್ಳಿಗರೇ ಪಾತ್ರಧಾರಿಗಳೂ ಆದರು. 1984ರಲ್ಲಿ ಖೇಡಾಕ್ಕೆ ಯುನೆಸ್ಕೊ ಪ್ರಶಸ್ತಿ ಬಂತು.

ತಮ್ಮನ್ನು ತಾವು ತೆರೆಯ ಮೇಲೆ ಕಾಣುವ ಈ ಹಂಬಲ ಎಲ್ಲೆಡೆಯದು. ಅಮೆರಿಕದ ಕರಿಯ ಜನರಿಗೆಂದು ರಾಬರ್ಟ್ ಜಾನ್ಸನ್ 1980ರ ಜನವರಿಯಲ್ಲಿ 'ಬಿ.ಇ.ಟಿ.' ವಾಹಿನಿ ಆರಂಭಿಸಿದಾಗ ಪ್ರಸಾರ ವಾರಕ್ಕೆ ಎರಡೇ ಗಂಟೆ. ಮುಂದೆ ಅವರ ಸಂಗೀತವನ್ನು ಮನೆಮನೆಗೆ ಮುಟ್ಟಿಸಿದ ಆ ವಾಹಿನಿಯನ್ನು ವಯಾಕಾಮ್ ಎಂಬ ದೊಡ್ಡ ಕಂಪನಿ ಕೊಂಡುಕೊಂಡಿತು. ಮಾಲೀಕರು ಬದಲಾದ ಮೇಲೂ ಅದು ನಮ್ಮದೇ ಎನ್ನಬಹುದೆ ಎಂಬ ಪ್ರಶ್ನೆ ಉಳಿಯಿತು.

ನಮಗೂ 1994ರಲ್ಲಿ ಉದಯ ಟಿ.ವಿ. ಬಂತು, ಇಂದು ವಡೋದರ, ಸೂರತ್‌ಗಳ ಮನೆಗಳಲ್ಲೂ ಕನ್ನಡ ವಾಹಿನಿ ನೋಡಬಹುದು. ಸಂತೋಷವೇ. ಆದರೆ ಅವುಗಳಲ್ಲಿ ಬೆಂಗಳೂರು ಕಂಡಷ್ಟು ನಾವು ಕಾಣುವುದಿಲ್ಲ. ಶಾಲೆಯಲ್ಲಿ ಗುಜರಾತಿ, ಮನೆಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳ ಬದುಕನ್ನು ಯಾರು ತೋರಿಸಬೇಕು? ಖೇಡಾದ ರೈತರಂತೆ ನಾವೇ ತೋರಿಸಬೇಕು. ಕ್ಯಾಮೆರಾ ಈಗ ಎಲ್ಲರ ಜೇಬಿನಲ್ಲೇ ಇದೆ. ಮನೆಯ ಹಿರಿಯರನ್ನು ಕೂರಿಸಿ, ಅವರು ಈ ಊರಿಗೆ ಬಂದ ಕಥೆಯನ್ನು ಅವರ ಮಾತಿನಲ್ಲೇ ಚಿತ್ರಿಸಿಡುವುದರಿಂದ ಆರಂಭಿಸೋಣ.