ಮುಚ್ಚಿದ ಭಟ್ಟಿಗೆ ಬಂದ ಅಂಕಗಳು

ಮೂವತ್ತು ವರ್ಷ ಕನ್ನಡ ಸಾಹಿತ್ಯವನ್ನು ಪಾಠ ಹೇಳಿದವನು ಬಾನುಲಿಯಲ್ಲಿ ವಿಸ್ಕಿಯ ವಿಷಯ ಮಾತನಾಡಲು ಹೊರಟರೆ ಕೇಳುಗರು ಹುಬ್ಬೇರಿಸುವುದು ಸಹಜ. ನಾನು ಕುಡಿತವನ್ನು ಹೊಗಳಲು ಬಂದವನಲ್ಲ. ಅದರಿಂದ ಹಾಳಾದ ಮನೆಗಳನ್ನು ಕಣ್ಣಾರೆ ಕಂಡವನು. ಇಂದಿನ ನನ್ನ ಮಾತು ರುಚಿಯನ್ನು ಕುರಿತದ್ದು. ಇನ್ನೂ ಸರಿಯಾಗಿ ಹೇಳುವುದಾದರೆ, ರುಚಿಗೆ ಅಂಕ ಕೊಡುವ ಕೆಲಸವನ್ನು ಕುರಿತದ್ದು. ಅಂಕ ಕೊಡುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ಅಧ್ಯಾಪಕನಿಗೆ ಆ ಮಟ್ಟಿನ ಅಧಿಕಾರ ಉಂಟೆಂದು ಭಾವಿಸಿದ್ದೇನೆ.

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಐಲಾ ಎಂಬ ದ್ವೀಪವಿದೆ. ಅದರ ದಕ್ಷಿಣದ ಅಂಚಿನಲ್ಲಿ ಪೋರ್ಟ್ ಎಲೆನ್ ಎಂಬ ಪುಟ್ಟ ಬಂದರು. ದ್ವೀಪದ ಒಡೆಯನಾಗಿದ್ದ ವಾಲ್ಟರ್ ಫ್ರೆಡರಿಕ್ ಕ್ಯಾಂಪ್‌ಬೆಲ್ 1821ರಲ್ಲಿ ಈ ಊರನ್ನು ಕಟ್ಟಿಸಿ, ಅದಕ್ಕೆ ತನ್ನ ಹೆಂಡತಿಯ ಹೆಸರನ್ನಿಟ್ಟ. ನಾಲ್ಕು ವರ್ಷಗಳ ತರುವಾಯ ಅಲ್ಲಿ ಒಂದು ಭಟ್ಟಿ ಎದ್ದಿತು. 1836ರಲ್ಲಿ ಅದು ಜಾನ್ ರ‍್ಯಾಮ್ಸೆ ಎಂಬ ತರುಣನ ಕೈಗೆ ಬಂದಿತು. ಮುಂದೆ ಪಾರ್ಲಿಮೆಂಟಿನ ಸದಸ್ಯನೂ ಆದ ಈತನ ಕಾಲದಲ್ಲಿ ಪೋರ್ಟ್ ಎಲೆನ್ನಿನ ಪೀಪಾಯಿಗಳು ಅಮೆರಿಕದವರೆಗೂ ಹೋದವು.

ಇಲ್ಲಿ ಒಂದು ವಿವರಣೆ ಅಗತ್ಯ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುಳಿಯಿಸಿ, ತಾಮ್ರದ ಹಂಡೆಗಳಲ್ಲಿ ಎರಡು ಸಲ ಬಟ್ಟಿಯಿಳಿಸಿ, ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟರೆ ಮಾಲ್ಟ್ ವಿಸ್ಕಿಯಾಗುತ್ತದೆ. ಐಲಾದವರು ಮೊಳಕೆಯನ್ನು ಒಣಗಿಸುವುದು ಪೀಟ್ ಎಂಬ ಜೌಗುನೆಲದ ಮಣ್ಣಿನ ಹೆಂಟೆಗಳನ್ನು ಉರಿಸಿ. ಆ ಹೊಗೆಯ ವಾಸನೆ ಕೊನೆಯವರೆಗೂ ಉಳಿಯುತ್ತದೆ. ಒಂದೇ ಭಟ್ಟಿಯ ಮಾಲ್ಟನ್ನು ಬೇರೆಯದರೊಡನೆ ಬೆರೆಸದೆ ತುಂಬಿಸಿದರೆ ಅದು ಸಿಂಗಲ್ ಮಾಲ್ಟ್. ಆದರೆ ಇಪ್ಪತ್ತನೆಯ ಶತಮಾನದ ಬಹುಕಾಲ ಜಗತ್ತು ಕುಡಿದದ್ದು ಅದನ್ನಲ್ಲ, ಹತ್ತಾರು ಭಟ್ಟಿಗಳ ಮಾಲ್ಟಿಗೆ ಬೇರೆ ಧಾನ್ಯಗಳ ಮದ್ಯವನ್ನು ಬೆರೆಸಿದ ಬ್ಲೆಂಡನ್ನು. ಅದರಲ್ಲಿ ಪೋರ್ಟ್ ಎಲೆನ್ನಿನ ಸ್ಥಾನ ಸಾರಿನಲ್ಲಿ ಇಂಗಿನ ಸ್ಥಾನ. ಸಾರನ್ನು ಹೊಗಳಿದವರುಂಟು, ಇಂಗು ಯಾವ ಊರಿನದೆಂದು ಕೇಳಿದವರಿಲ್ಲ.

ಆಲ್‌ಫ್ರೆಡ್ ಬಾರ್ನಾರ್ಡ್ ಎಂಬುವನು ಬ್ರಿಟನ್ ಮತ್ತು ಐರ್ಲೆಂಡುಗಳ ನೂರರವತ್ತಕ್ಕೂ ಮಿಕ್ಕ ಭಟ್ಟಿಗಳನ್ನು ಸುತ್ತಿ 1887ರಲ್ಲಿ ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದ. ಹಂಡೆಗಳ ಅಳತೆ, ನೀರಿನ ಮೂಲ, ವರ್ಷದ ಉತ್ಪತ್ತಿ, ದಾರಿಯ ನಿಸರ್ಗಸೌಂದರ್ಯ ಎಲ್ಲವೂ ಅದರಲ್ಲಿವೆ. ಇಲ್ಲದಿರುವುದು ರುಚಿಯೊಂದೇ ಎಂದರೆ ಹೆಚ್ಚು ತಪ್ಪಾಗದು. ಛಂದಸ್ಸನ್ನೆಲ್ಲ ಎಣಿಸಿ ಕಾವ್ಯದ ಮಾತೆತ್ತದ ಪಂಡಿತರನ್ನು ಬಲ್ಲ ನನಗೆ ಇದು ಆಶ್ಚರ್ಯವೆನಿಸಲಿಲ್ಲ.

1930ರ ಸುಮಾರಿಗೆ ಮುಚ್ಚಿದ ಪೋರ್ಟ್ ಎಲೆನ್ ಮತ್ತೆ ತೆರೆದದ್ದು 1967ರಲ್ಲಿ. ಎರಡು ಹಂಡೆಗಳಿದ್ದಲ್ಲಿ ನಾಲ್ಕಾದವು. 1973ರಲ್ಲಿ ಪಕ್ಕದಲ್ಲಿಯೇ ಬಾರ್ಲಿಗೆ ಮೊಳಕೆ ಬರಿಸುವ ದೊಡ್ಡ ಕಾರ್ಖಾನೆ ಬಂದಿತು. 1980ರಲ್ಲಿ ಬ್ರಿಟನ್ನಿನ ರಾಣಿ ಈ ಕಾರ್ಖಾನೆಗೆ ಭೇಟಿ ಕೊಟ್ಟಾಗ, ಆ ಸಂದರ್ಭಕ್ಕೆಂದು ಹನ್ನೆರಡು ವರ್ಷದ ಪೋರ್ಟ್ ಎಲೆನ್ನನ್ನು ಸ್ವಲ್ಪವೇ ಸೀಸೆಗಳಲ್ಲಿ ತುಂಬಿಸಿದರು. ಮೂರು ವರ್ಷ ಕಳೆಯುವಷ್ಟರಲ್ಲಿ ಭಟ್ಟಿಗೆ ಬೀಗ ಬಿದ್ದಿತು. ಎಪ್ಪತ್ತರ ದಶಕದಲ್ಲಿ ಬೇಡಿಕೆ ಏರುತ್ತಲೇ ಇರುವುದೆಂದು ನಂಬಿ ಬಟ್ಟಿಯಿಳಿಸಿದ ಮದ್ಯ ಉಗ್ರಾಣಗಳಲ್ಲಿ ಕೆರೆಯಂತೆ ನಿಂತಿತ್ತು. ಒಡೆತನದ ಕಂಪನಿ 1983ರಲ್ಲಿ ತನ್ನ ಹನ್ನೊಂದು ಭಟ್ಟಿಗಳನ್ನು ಮುಚ್ಚಿತು. ಐಲಾದಲ್ಲಿ ಅದಕ್ಕಿದ್ದವು ಮೂರು: ಕಲ್ ಈಲಾವನ್ನು ಹೊಸದಾಗಿ ಕಟ್ಟಿ ಹತ್ತು ವರ್ಷವೂ ಆಗಿರಲಿಲ್ಲ, ಲಾಗವೂಲಿನ್ನಿಗೆ ಹಳೆಯ ಹೆಸರಿತ್ತು. ಉಳಿದದ್ದು ಪೋರ್ಟ್ ಎಲೆನ್.

ಗಮನಿಸಿ: ರುಚಿ ನೋಡಿ ಇದು ಕೀಳೆಂದು ತೀರ್ಪು ಕೊಟ್ಟು ಮುಚ್ಚಿದ್ದಲ್ಲ. ರುಚಿಯ ಪ್ರಶ್ನೆ ಆ ಲೆಕ್ಕದ ಪುಸ್ತಕದಲ್ಲಿ ಇರಲೇ ಇಲ್ಲ.

ಐದು ವರ್ಷಗಳ ನಂತರ, 1988ರಲ್ಲಿ, ಆ ಕಂಪನಿಯ ಉತ್ತರಾಧಿಕಾರಿಗಳೇ ಆರು ಭಟ್ಟಿಗಳ ಮಾಲ್ಟುಗಳನ್ನು ಅವುಗಳದೇ ಹೆಸರಿನಲ್ಲಿ ಮಾರಲು ತೊಡಗಿದರು. ಮರುವರ್ಷ ಮೈಕೆಲ್ ಜ್ಯಾಕ್ಸನ್ ಎಂಬ ಇಂಗ್ಲಿಷ್ ಪತ್ರಕರ್ತ, ಹಾಡುಗಾರನಲ್ಲ, ಬೇರೆಯವನು, ಒಂದೊಂದು ಮಾಲ್ಟಿಗೂ ನೂರಕ್ಕೆ ಇಂತಿಷ್ಟೆಂದು ಅಂಕ ಕೊಟ್ಟು ಕೈಪಿಡಿಯೊಂದನ್ನು ಹೊರತಂದ. ನೂರರ ಈ ಲೆಕ್ಕವನ್ನು ದ್ರಾಕ್ಷಾರಸಕ್ಕೆ ಬಳಸಿ ಪ್ರಸಿದ್ಧಿಗೆ ತಂದಿದ್ದವನು ಅಮೆರಿಕದ ರಾಬರ್ಟ್ ಪಾರ್ಕರ್. ಅದು ಆ ದೇಶದ ಶಾಲೆಯ ಪದ್ಧತಿ. ಮದ್ಯ ಕೂಡ ಪರೀಕ್ಷೆಗೆ ಕೂತಿತು! ಅಂಕದ ಶಕ್ತಿ ಸಣ್ಣದಲ್ಲ. ನಮ್ಮ ಬೆಂಗಳೂರಿನ ಅಮೃತ್ ಭಟ್ಟಿಯ ಫ್ಯೂಷನ್ ಎಂಬ ಮಾಲ್ಟಿಗೆ ಜಿಮ್ ಮರ್ರಿ ತನ್ನ 2010ರ ಕೈಪಿಡಿಯಲ್ಲಿ 97 ಕೊಟ್ಟ ಮೇಲೆ, ಭಾರತದ ಮಾಲ್ಟೆಂದರೆ ನಗುತ್ತಿದ್ದವರು ನಗು ನಿಲ್ಲಿಸಿದರು.

ಪೋರ್ಟ್ ಎಲೆನ್ನಿನ ಪೀಪಾಯಿಗಳು ಉಗ್ರಾಣದ ಕತ್ತಲಲ್ಲಿ ಬಿದ್ದೇ ಇದ್ದವು. ಬಿಡಿ ವ್ಯಾಪಾರಿಗಳು ಕೆಲವನ್ನು ಕೊಂಡು ತಮ್ಮ ಹೆಸರಿನಲ್ಲಿ ಸೀಸೆಗೆ ತುಂಬಿಸಿದರು. 2001ರಲ್ಲಿ ಒಡೆಯರೇ 1979ರ ಮದ್ಯವನ್ನು, ಇಪ್ಪತ್ತೆರಡು ವರ್ಷದ್ದನ್ನು, ಆರು ಸಾವಿರ ಸೀಸೆಗಳಲ್ಲಿ ಹೊರಬಿಟ್ಟರು. ಆಮೇಲೆ ವರ್ಷಕ್ಕೊಂದು ಸಲ. ದಾಸ್ತಾನು ಇಳಿಯಿತು, ಬೆಲೆ ಏರಿತು. ರಸಿಕರು ತೊಂಬತ್ತರ ಮೇಲಿನ ಅಂಕಗಳನ್ನು ಧಾರಾಳವಾಗಿ ಬರೆದರು. ಬದುಕಿದ್ದಾಗ ಯಾರೂ ಪ್ರಶ್ನಿಸದ ಭಟ್ಟಿ ಸತ್ತ ಮೇಲೆ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಯಿತು.

2019ರ ಬೇಸಿಗೆಯಲ್ಲಿ ಗ್ಲಾಸ್ಗೋದಲ್ಲಿರುವ ನನ್ನ ತಮ್ಮನ ಮಗನ ಮನೆಗೆ ಹೋಗಿದ್ದೆ. ಅವನೂ ಗೆಳೆಯರೂ ಹಣ ಕೂಡಿಸಿ ಪೋರ್ಟ್ ಎಲೆನ್ನಿನ ನಾಲ್ಕು ಬೇರೆ ಬೇರೆ ಪೀಪಾಯಿಗಳ ಮಾದರಿಗಳನ್ನು ತರಿಸಿದ್ದರು. ಮೊಗ್ಗಿನಾಕಾರದ ನಾಲ್ಕು ಲೋಟ. ಒಂದೊಂದರಲ್ಲಿ ಕೆಮ್ಮಿನ ಔಷಧಿಯಷ್ಟು ಮದ್ಯ. “ಕುಡೀಬೇಡಿ ದೊಡ್ಡಪ್ಪ, ಮೊದಲು ಮೂಸಿ ನೋಡಿ” ಎಂದ ಹುಡುಗ. ಮೂಸಿದೆ. ಅವರು ಕಡಲತಡಿಯ ಬೆಂಕಿ, ಟಾರು ಬಳಿದ ಹಗ್ಗ ಎನ್ನುತ್ತಿದ್ದರು. ನನಗೆ ಕಂಡದ್ದು ಅಜ್ಜನ ಮನೆಯ ಹೊಗೆ ಹಿಡಿದ ಅಟ್ಟ, ಗಾಯಕ್ಕೆ ಹಚ್ಚುತ್ತಿದ್ದ ಟಿಂಚರ್, ಎಲ್ಲೋ ಒಂದಿಷ್ಟು ನಿಂಬೆಯ ಸಿಪ್ಪೆ. ಒಂದು ಗುಟುಕನ್ನು ನಾಲಗೆಯ ಮೇಲೆ ನಿಲ್ಲಿಸಿಕೊಂಡಾಗ ಮೊದಲು ಸಿಹಿ, ಆಮೇಲೆ ಉಪ್ಪು, ಬಹಳ ಹೊತ್ತು ಉಳಿದ ಬೂದಿ. ಎರಡು ಹನಿ ನೀರು ಬಿಟ್ಟರೆ ಎಲ್ಲವೂ ಅದಲುಬದಲು. ಭರತಮುನಿ ರಸವನ್ನು ವಿವರಿಸಲು ಊಟಕ್ಕೆ ಕುಳಿತವನ ದೃಷ್ಟಾಂತವನ್ನೇ ಏಕೆ ಆರಿಸಿದನೆಂಬುದು ತರಗತಿಯಲ್ಲಿ ಹೇಳುವಾಗ ತಿಳಿದದ್ದಕ್ಕಿಂತ ಅಲ್ಲಿ ಹೆಚ್ಚು ತಿಳಿಯಿತು.

ಅಂಕದ ಹಾಳೆಗಳು ಬಂದವು. ಮೂರನೆಯ ಲೋಟಕ್ಕೆ ಒಬ್ಬರು 92 ಕೊಟ್ಟರೆ ಇನ್ನೊಬ್ಬರು 78. ಇಬ್ಬರೂ ಇಪ್ಪತ್ತು ವರ್ಷಗಳಿಂದ ಪಳಗಿದವರು. ಗುಂಪಿನಲ್ಲಿ ಹಿರಿಯರೊಬ್ಬರು, ಎಳವೆಯಲ್ಲಿ ಐಲಾದಲ್ಲಿದ್ದವರು, ಮೆಲ್ಲಗೆ ಹೇಳಿದರು: “ಯಾವ ಭಟ್ಟಿಯದೆಂದು ತಿಳಿಸದೆ ಕೊಟ್ಟಿದ್ದರೆ ನಾನು 85 ಬರೆಯುತ್ತಿದ್ದೆ. ಈಗ 90 ಬರೆದಿದ್ದೇನೆ. ಆ ಐದು ಅಂಕ ಬೀಗದ್ದು.”

ಆ ಮಾತು ನನ್ನನ್ನು ಮೌಲ್ಯಮಾಪನದ ಹಳೆಯದೊಂದು ಕೋಣೆಗೆ ಒಯ್ದಿತು. ನಾನು 48 ಕೊಟ್ಟಿದ್ದ ಉತ್ತರಪತ್ರಿಕೆಗೆ ಮರುಮೌಲ್ಯಮಾಪನದಲ್ಲಿ 61 ಬಂದಿತ್ತು. ಅದು ಮಧ್ಯಾಹ್ನದ ಕೊನೆಯ ಕಟ್ಟು, ನಾನು ದಣಿದಿದ್ದೆ. ಆ ವಿದ್ಯಾರ್ಥಿಯಾದರೂ ಶುಲ್ಕ ಕಟ್ಟಿ ಕೇಳಿದ. ಕೇಳದೆ ಹೋದವರು ಎಷ್ಟು ಮಂದಿಯೋ.

ಹಾಗಾದರೆ ಅಂಕವೆಲ್ಲ ಸುಳ್ಳೇ? ಹಾಗೆ ಹೇಳಲಾರೆ. ನಾಲ್ಕನೆಯ ಲೋಟ ಉತ್ತಮವೆಂಬುದರಲ್ಲಿ ಆರು ಜನರಲ್ಲಿ ಐವರು ಒಮ್ಮತದಿಂದಿದ್ದರು, ನಾನೂ ಸೇರಿ. ಗಮನವಿಟ್ಟು ಸವಿದವರ ಮಾತಿಗೆ ಬೆಲೆಯುಂಟು. ಅದು ಹೊತ್ತಿಗೆ ಸರಿಯಾಗಿ ಬರಬೇಕು. ಬ್ಲೆಂಡಿಗೆಂದು ಹಳೆಯ, ಸವೆದ ಪೀಪಾಯಿಗಳಲ್ಲಿ ತುಂಬಿಸಿಟ್ಟ ಮದ್ಯವಿದು. ಮರದ ರುಚಿ ಅದರ ಮೇಲೆ ಸವಾರಿ ಮಾಡಲಿಲ್ಲವಾದ್ದರಿಂದಲೇ ಅಷ್ಟು ವರ್ಷ ತಡೆಯಿತೆಂದು ಬಲ್ಲವರು ಹೇಳುತ್ತಾರೆ. ಉದಾಸೀನವೇ ಅದನ್ನು ಕಾಪಾಡಿತು. ಅಲ್ಲಿ ದುಡಿದ ಕೈಗಳನ್ನು ಮಾತ್ರ ಕಾಪಾಡಲಿಲ್ಲ.

ಅದೇ ವಾರ ದೋಣಿಯಲ್ಲಿ ಐಲಾಕ್ಕೆ ಹೋದೆವು. ಕಡಲಿಗೆ ಮುಖ ಮಾಡಿದ ಬಿಳಿಯ ಉಗ್ರಾಣದ ಗೋಡೆಯ ಮೇಲೆ ಊರಿನ ಹೆಸರು ಆಳೆತ್ತರದ ಕಪ್ಪಕ್ಷರಗಳಲ್ಲಿತ್ತು. ಪಕ್ಕದ ಕಾರ್ಖಾನೆಯಿಂದ ಪೀಟಿನ ಹೊಗೆ ಬರುತ್ತಿತ್ತು. ಹಂಡೆಗಳು ಹೋಗಿ ಎಷ್ಟೋ ಕಾಲವಾಗಿತ್ತು. ಪೋರ್ಟ್ ಎಲೆನ್ನನ್ನೂ ಅದರೊಡನೆ ಮುಚ್ಚಿದ ಬ್ರೋರಾವನ್ನೂ ಮತ್ತೆ ನಡೆಸಲು 35 ದಶಲಕ್ಷ ಪೌಂಡು ತೊಡಗಿಸುವುದಾಗಿ ಒಡೆಯರು 2017ರಲ್ಲಿ ಸಾರಿದ್ದರು. 2024ರ ಮಾರ್ಚಿನಲ್ಲಿ ಹಳೆಯ ನಕ್ಷೆಯಂತೆಯೇ ಮಾಡಿಸಿದ ಹಂಡೆಗಳೊಡನೆ ಪೋರ್ಟ್ ಎಲೆನ್ ಬಾಗಿಲು ತೆರೆಯಿತು. ಮೂರು ವರ್ಷ ಓಕ್ ಪೀಪಾಯಿಯಲ್ಲಿ ಕೂರದ ಮದ್ಯವನ್ನು ಸ್ಕಾಚ್ ವಿಸ್ಕಿಯೆಂದು ಕರೆಯಲು ಅಲ್ಲಿನ ಕಾನೂನು ಬಿಡುವುದಿಲ್ಲ. ಇಪ್ಪತ್ತೆರಡು ವರ್ಷದ್ದಾಗುವ ಹೊತ್ತಿಗೆ ಅಂಕ ಬರೆಯಲು ನಾನಿರುವುದಿಲ್ಲ. ಹುಡುಗ ನನ್ನ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾನಂತೆ. ಮೂರನೆಯ ಲೋಟದ ಎದುರು ಮೊದಲು 84 ಎಂದು ಬರೆದು, 92 ಕೊಟ್ಟವರ ಮಾತು ಕಿವಿಗೆ ಬಿದ್ದ ಮೇಲೆ ಅದನ್ನು 87 ಎಂದು ತಿದ್ದಿದ್ದೆ.