ಏಳು ಹೆಜ್ಜೆಯ ಸ್ನೇಹ

ಸಂಸ್ಕೃತದಲ್ಲಿ ಸ್ನೇಹಕ್ಕೆ ‘ಸಾಪ್ತಪದೀನ’ ಎಂಬ ಹೆಸರೊಂದುಂಟು. ಏಳು ಹೆಜ್ಜೆಗಳಿಂದ ಪಡೆದದ್ದು ಎಂದು ಅದರ ಅರ್ಥ. ಈ ಪದದ ಸಿದ್ಧಿಗಾಗಿಯೇ ಪಾಣಿನಿ ಒಂದು ಸೂತ್ರವನ್ನು ರಚಿಸಿದ್ದಾನೆ. ಮದುವೆಯ ಸಪ್ತಪದಿಯಲ್ಲಿ ಏಳನೆಯ ಹೆಜ್ಜೆಯಿಡುವಾಗ ವರನು ವಧುವನ್ನು ಸಖಿಯೆಂದು ಕರೆಯುವುದೂ ಇದೇ ಭಾವನೆಯಿಂದ. ಜೊತೆಯಾಗಿ ಏಳು ಹೆಜ್ಜೆ ನಡೆದವರು ಸ್ನೇಹಿತರಾದರು. ಅದಕ್ಕೆ ಹೆಚ್ಚು ಕಾಲ ಬೇಕಿಲ್ಲ ಎಂಬುದು ನಮ್ಮ ಹಿರಿಯರ ನಂಬಿಕೆ. ಇದು ಬರಿಯ ಔದಾರ್ಯದ ಮಾತೋ, ಲೋಕದಲ್ಲಿ ನಡೆಯುವಂಥದೋ? ಕೆಲವು ದಿನಗಳ ಮಟ್ಟಿಗೆ ಅಪರಿಚಿತ ಊರಿಗೆ ಹೋದವನು ಅಲ್ಲಿ ಸ್ನೇಹಿತರನ್ನು ಸಂಪಾದಿಸಬಲ್ಲನೇ? ಸಂಪಾದಿಸಿದರೂ ಅಂಥ ಸ್ನೇಹಕ್ಕೆ ಬೆಲೆಯೇನು? ಈ ಪ್ರಶ್ನೆಗಳನ್ನು ಇತಿಹಾಸದ ಒಂದು ಪ್ರಸಂಗದ ಬೆಳಕಿನಲ್ಲಿ ನೋಡಬಹುದೆಂದು ನನಗೆ ತೋರುತ್ತದೆ. 1931ರಲ್ಲಿ ಗಾಂಧೀಜಿ ಲಂಡನ್ನಿನಲ್ಲಿ ತಂಗಿದ್ದ ಹನ್ನೆರಡು ವಾರಗಳ ಪ್ರಸಂಗ ಅದು.

ಎರಡನೆಯ ದುಂಡುಮೇಜಿನ ಪರಿಷತ್ತಿಗೆ ಕಾಂಗ್ರೆಸ್ಸಿನ ಏಕೈಕ ಪ್ರತಿನಿಧಿಯಾಗಿ ಗಾಂಧೀಜಿ ಆ ವರ್ಷದ ಸೆಪ್ಟೆಂಬರ್ 12ರಂದು ಲಂಡನ್ ತಲಪಿದರು. ನಮ್ಮ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರೂ ಆ ಪರಿಷತ್ತಿನ ಸದಸ್ಯರಲ್ಲೊಬ್ಬರು. ಅಲ್ಪಸಂಖ್ಯಾತರ ಪ್ರಶ್ನೆಯ ಬಂಡೆಗೆ ತಗುಲಿ ಪರಿಷತ್ತು ಒಡೆಯಿತು. ಡಿಸೆಂಬರ್ 1ರಂದು ಮುಗಿಯಿತು. ಗಾಂಧೀಜಿ ಬರಿಗೈಯಲ್ಲಿ ಹಿಂದಿರುಗಿದರು. ಪಠ್ಯಪುಸ್ತಕಗಳು ಇಷ್ಟು ಹೇಳಿ ಮುಂದಿನ ಅಧ್ಯಾಯಕ್ಕೆ ಹೋಗುತ್ತವೆ. ಆದರೆ ಸೇಂಟ್ ಜೇಮ್ಸ್ ಅರಮನೆಯ ಆ ಮಾತುಕತೆಗಳ ಹೊರಗೆ, ಅದೇ ಊರಿನ ಇನ್ನೊಂದು ದಿಕ್ಕಿನಲ್ಲಿ, ಬೇರೊಂದು ಕೆಲಸ ನಡೆದಿತ್ತು.

ಗಾಂಧೀಜಿಗೆ ಲಂಡನ್ ಹೊಸದೇನಲ್ಲ. 1888ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಹುಡುಗನಾಗಿ, ಬ್ಯಾರಿಸ್ಟರ್ ಪರೀಕ್ಷೆಗೆಂದು ಅಲ್ಲಿಗೆ ಹೋಗಿದ್ದರು. ಮೊದಮೊದಲು ರಾತ್ರಿಯೆಲ್ಲ ತಾಯಿಯನ್ನು ನೆನೆದು ಕಣ್ಣೀರಿಟ್ಟದ್ದನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಕೊಟ್ಟ ಮಾತು ಅವರನ್ನು ಅರೆಹೊಟ್ಟೆಯಲ್ಲಿರಿಸಿತ್ತು. ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಶಾಕಾಹಾರಿ ಭೋಜನಶಾಲೆ ಕಣ್ಣಿಗೆ ಬಿತ್ತು. ಅಲ್ಲಿಯೇ ಹೆನ್ರಿ ಸಾಲ್ಟ್ ಎಂಬ ಲೇಖಕರ ಪುಸ್ತಕವನ್ನು ಕೊಂಡು ಓದಿದರು. ಹೊಟ್ಟೆ ತುಂಬಿದ್ದಷ್ಟೇ ಅಲ್ಲ, ಗೆಳೆಯರ ಬಳಗವೊಂದು ದೊರೆಯಿತು. ಯಾವ ವ್ರತ ಅವರನ್ನು ಒಂಟಿಯಾಗಿಸಿತ್ತೋ ಅದೇ ವ್ರತ ಜನರೊಡನೆ ಕೂಡಿಸಿತು. ಪರರ ನಡುವೆ ಬಾಳುವಾಗ ತನ್ನತನವನ್ನು ಬಿಟ್ಟುಕೊಟ್ಟರೆ ಸ್ನೇಹ ದೊರೆಯುತ್ತದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ತರುಣ ಗಾಂಧಿ ಕಂಡುಕೊಂಡದ್ದು ಇದಕ್ಕೆ ವಿರುದ್ಧವಾದ ಪಾಠ.

ಆದರೆ 1931ರಲ್ಲಿ ಅವರು ವಾಸಕ್ಕೆ ಆರಿಸಿಕೊಂಡದ್ದು ಆ ಹಳೆಯ ಲಂಡನ್ನನ್ನಲ್ಲ. ಊರಿನ ಪೂರ್ವಭಾಗದಲ್ಲಿ ಬೋ ಎಂಬ ಬಡವರ ಬಡಾವಣೆ. ಅಲ್ಲಿ ಮ್ಯೂರಿಯಲ್ ಲೆಸ್ಟರ್ ಮತ್ತು ಡೋರಿಸ್ ಲೆಸ್ಟರ್ ಎಂಬ ಅಕ್ಕತಂಗಿಯರು, ಅಕಾಲದಲ್ಲಿ ತೀರಿಕೊಂಡ ತಮ್ಮನ ನೆನಪಿಗಾಗಿ, 1915ರಲ್ಲಿ ಕಿಂಗ್ಸ್‌ಲಿ ಹಾಲ್ ಎಂಬ ಸೇವಾಮಂದಿರವನ್ನು ತೆರೆದಿದ್ದರು. ಶ್ರೀಮಂತರ ಮಕ್ಕಳಾಗಿ ಹುಟ್ಟಿ ಬಡವರ ನಡುವೆ ಬಾಳಿದ ಮಹಿಳೆಯರು ಅವರು. ಮ್ಯೂರಿಯಲ್ 1926ರಲ್ಲಿ ಸಾಬರಮತಿಗೆ ಬಂದು ಆಶ್ರಮದ ಬಾಳನ್ನು ಕಂಡಿದ್ದರು. ಆ ಮಂದಿರದ ಮಹಡಿಯ ಮೇಲಿನ ಒಂದು ಪುಟ್ಟ ಕೋಣೆ ಗಾಂಧೀಜಿಯ ಬಿಡಾರವಾಯಿತು. ಪರಿಷತ್ತಿಗೆ ಅದು ದೂರ. ದೊಡ್ಡವರು ಬಂದು ಕಾಣುವುದಕ್ಕೂ ಅನುಕೂಲವಿಲ್ಲ. ಹಿತೈಷಿಗಳು ಬಹಳ ಹೇಳಿದರು. ಹಗಲಿನ ಕೆಲಸಕ್ಕಾಗಿ ನೈಟ್ಸ್‌ಬ್ರಿಜ್‌ನಲ್ಲಿ ಒಂದು ಮನೆಯನ್ನು ಹಿಡಿದದ್ದಾಯಿತು. ಆದರೂ ರಾತ್ರಿ ಎಷ್ಟು ಹೊತ್ತಾದರೂ ಸರಿಯೆ, ಗಾಂಧೀಜಿ ಬೋ ಬಡಾವಣೆಗೇ ಹಿಂದಿರುಗುತ್ತಿದ್ದರು. ನಡುರಾತ್ರಿ ಮಲಗಿ, ನಾಲ್ಕು ಗಂಟೆಗೆ ಪ್ರಾರ್ಥನೆಗೆ ಎದ್ದು, ನಸುಕಿನಲ್ಲಿ ಕಾಲುವೆಗಳ ಕಡೆಗೆ ವಾಯುಸಂಚಾರಕ್ಕೆ ಹೊರಡುತ್ತಿದ್ದರು.

ನಾನು ಹೇಳಿದ ಏಳು ಹೆಜ್ಜೆಗಳು ಇವೇ. ಮುಂಜಾವದ ಮಂಜಿನಲ್ಲಿ ಕೆಲಸಕ್ಕೆ ಹೋಗುವ ಕೂಲಿಗಾರರು ಎದುರಾಗುವರು. ಕಿಟಕಿಗಳಿಂದ ಹೆಂಗಸರು ಶುಭೋದಯ ಹೇಳುವರು. ಗಾಂಧೀಜಿ ಅಕ್ಕಪಕ್ಕದ ಮನೆಗಳಿಗೂ ಹೋಗಿ ಕುಶಲ ಕೇಳುವರು. ಮಕ್ಕಳಿಗಂತೂ ಅವರು ‘ಅಂಕಲ್ ಗಾಂಧಿ’ ಆಗಿಬಿಟ್ಟರು. ಅಕ್ಟೋಬರ್ 2ರಂದು ಆ ಮಕ್ಕಳು ಹುಟ್ಟುಹಬ್ಬದ ಉಡುಗೊರೆ ಕಳಿಸಿದರು: ಉಣ್ಣೆಯ ನಾಯಿಬೊಂಬೆಗಳು, ಗುಲಾಬಿ ಬಣ್ಣದ ಮೇಣದ ಬತ್ತಿಗಳು, ಒಂದು ನೀಲಿ ಪೆನ್ಸಿಲು, ಮಿಠಾಯಿ.

ಮಕ್ಕಳೊಡನೆ ನಡೆದ ಸಂಭಾಷಣೆಯ ಪರಿಣಾಮವಾಗಿ ಒಂದು ಸ್ವಾರಸ್ಯದ ಪ್ರಸಂಗವೂ ನಡೆಯಿತು. ಯಾರಾದರೂ ಹೊಡೆದರೆ ತಿರುಗಿ ಹೊಡೆಯಬಾರದೆಂದು ಗಾಂಧೀಜಿ ಅವರಿಗೆ ಹೇಳಿದ್ದರು. ಕೆಲವು ದಿನಗಳ ಮೇಲೆ ಒಂದು ಮಗುವಿನ ತಂದೆ ಬಂದು, ತಮ್ಮ ಮೇಲೆ ತನಗೊಂದು ದೂರಿದೆ ಎಂದನಂತೆ. ಅವನ ಪುಟ್ಟ ಮಗಳು ದಿನವೂ ಬೆಳಗ್ಗೆ ಅವನಿಗೆ ಹೊಡೆದು ಎಬ್ಬಿಸಿ, ನೀನು ತಿರುಗಿ ಹೊಡೆಯಕೂಡದು, ಗಾಂಧಿ ಹೇಳಿದ್ದಾರೆ ಎನ್ನುತ್ತಿದ್ದಳು! ಅಹಿಂಸೆಯ ತತ್ತ್ವಕ್ಕೆ ಇಂಥ ಭಾಷ್ಯವನ್ನು ಬರೆಯುವುದು ಮಕ್ಕಳಿಗೆ ಮಾತ್ರ ಸಾಧ್ಯ.

ಆ ಬೀದಿಗಳಲ್ಲಿಯೂ ಸ್ನೇಹ ಸುಲಭವೇ ಎನ್ನಬಹುದು. ನಿಜವಾದ ಪರೀಕ್ಷೆ ನಡೆದದ್ದು ಲ್ಯಾಂಕಷೈರಿನಲ್ಲಿ. ನಮ್ಮ ದೇಶ ವಿದೇಶಿ ಬಟ್ಟೆಯನ್ನು ತೊರೆದಾಗ ಪೆಟ್ಟು ಬಿದ್ದದ್ದು ಅಲ್ಲಿನ ಗಿರಣಿಗಳಿಗೆ. ಲೋಕದ ಆರ್ಥಿಕ ಮುಗ್ಗಟ್ಟೂ ಜೊತೆಗೂಡಿ ಸಾವಿರಾರು ಮಗ್ಗಗಳು ನಿಂತಿದ್ದವು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಗಾಂಧೀಜಿ ಡಾರ್ವೆನ್ ಬಳಿಯ ಸ್ಪ್ರಿಂಗ್‌ವೇಲ್‌ಗೆ ಹೋಗಿ ಅವರ ಅತಿಥಿಯಾದರು. ಕೆಲಸ ಕಳೆದುಕೊಂಡವರ ಮುಂದೆ ಅವರು ಬಹಿಷ್ಕಾರವನ್ನು ಮರೆಮಾಚಲಿಲ್ಲ. ಹಳೆಯ ವ್ಯಾಪಾರ ಮರಳಿ ಬರುತ್ತದೆಂಬ ಸುಳ್ಳು ಆಸೆಯನ್ನೂ ಹುಟ್ಟಿಸಲಿಲ್ಲ. ನಿಮ್ಮಲ್ಲಿ ಮೂವತ್ತು ಲಕ್ಷ ನಿರುದ್ಯೋಗಿಗಳಿದ್ದಾರೆ, ನಮ್ಮಲ್ಲಿ ಸುಮಾರು ಮೂವತ್ತು ಕೋಟಿ ಜನ ವರ್ಷದ ಅರ್ಧಭಾಗ ನಿರುದ್ಯೋಗಿಗಳು ಎಂದು ಲೆಕ್ಕವನ್ನು ಬಿಡಿಸಿ ಮುಂದಿಟ್ಟರು. ಕೇಳಿದವರಲ್ಲಿ ಒಬ್ಬ, ತಾನೂ ಕೆಲಸವಿಲ್ಲದವನೇ, ಆದರೆ ಭಾರತದಲ್ಲಿದ್ದಿದ್ದರೆ ತಾನೂ ಇದನ್ನೇ ಹೇಳುತ್ತಿದ್ದೆ ಎಂದನೆಂದು ಮಹಾದೇವ ದೇಸಾಯಿ ದಾಖಲಿಸಿದ್ದಾರೆ. ಗಿರಣಿಯ ಹೆಣ್ಣುಮಕ್ಕಳು ಕೈಯೆತ್ತಿ ಜಯಕಾರ ಮಾಡುತ್ತ ಗಾಂಧೀಜಿಯನ್ನು ಸುತ್ತುವರಿದ ಛಾಯಾಚಿತ್ರ ಜಗತ್ಪ್ರಸಿದ್ಧವಾಗಿದೆ. ಜಗಳ ತೀರಲಿಲ್ಲ; ಆದರೆ ಜಗಳದ ಎರಡು ಬದಿಗಳಲ್ಲೂ ಮನುಷ್ಯರಿದ್ದಾರೆ ಎಂಬುದು ಇಬ್ಬರಿಗೂ ಕಂಡಿತು.

ಆ ದಿನಗಳ ಬೇರೆ ಭೇಟಿಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಸೆಪ್ಟೆಂಬರ್ 22ರಂದು ಕ್ಯಾನಿಂಗ್ ಟೌನಿನಲ್ಲಿ ಚಾರ್ಲಿ ಚಾಪ್ಲಿನ್ ಬಂದು ಕಂಡರು. ಅವರು ಯಾರೆಂಬುದೇ ಗಾಂಧೀಜಿಗೆ ಮೊದಲು ತಿಳಿದಿರಲಿಲ್ಲ; ಯಂತ್ರಗಳ ಮೇಲೇಕೆ ವಿರೋಧವೆಂದು ಆ ನಟ ಕೇಳಿದರು, ಇವರು ವಿವರಿಸಿದರು. ವಿನ್‌ಸ್ಟನ್ ಚರ್ಚಿಲ್ಲರಾದರೋ ಭೇಟಿಗೇ ಒಪ್ಪಲಿಲ್ಲ. ಏಳು ಹೆಜ್ಜೆ ನಡೆಯಲು ಇಬ್ಬರು ಬೇಕಷ್ಟೆ! ನವೆಂಬರ್ 20ರಂದು ಲಂಡನ್ನಿನ ಶಾಕಾಹಾರಿಗಳ ಸಂಘ ಏರ್ಪಡಿಸಿದ್ದ ಸಭೆಯಲ್ಲಿ ಹೆನ್ರಿ ಸಾಲ್ಟರೂ ಇದ್ದರು. ಆಗ ಅವರಿಗೆ ಎಂಬತ್ತು ವರ್ಷ. ನಾಲ್ಕು ದಶಕಗಳ ಹಿಂದೆ ತನ್ನ ದಿಕ್ಕನ್ನು ತಿಳಿಯಾಗಿಸಿದ ಪುಸ್ತಕದ ಋಣವನ್ನು ಗಾಂಧೀಜಿ ತುಂಬಿದ ಸಭೆಯಲ್ಲಿ ಸ್ಮರಿಸಿದರು.

ಈ ಸ್ನೇಹಗಳಲ್ಲಿ ನನಗೆ ಅತ್ಯಂತ ವಿಲಕ್ಷಣವಾಗಿ ಕಾಣುವುದು ಇಬ್ಬರು ಪೊಲೀಸರದು. ಇವಾನ್ಸ್ ಮತ್ತು ರಾಜರ್ಸ್ ಎಂಬ ಈ ಪತ್ತೇದಾರರನ್ನು ಸರ್ಕಾರ ಕಾವಲಿಗೆ ನೇಮಿಸಿತ್ತು. ಗಾಂಧೀಜಿ ನಸುಕಿನಲ್ಲಿ ನಡೆದರೆ ಅವರೂ ನಡೆಯಬೇಕು. ಕಾವಲು ಹಾಗೆಯೇ ಒಡನಾಟವಾಯಿತು. ಹೊರಡುವಾಗ ಗಾಂಧೀಜಿ ಅವರನ್ನು ಇಟಲಿಯ ಬ್ರಿಂಡಿಸಿ ಬಂದರಿನವರೆಗೂ ಕಳಿಸಿಕೊಡುವಂತೆ ಕೇಳಿಕೊಂಡರು. ಊರಿಗೆ ಬಂದ ಮೇಲೆ ಪ್ರೀತಿಯ ಒಕ್ಕಣೆಯನ್ನು ಕೆತ್ತಿಸಿ ಇಬ್ಬರಿಗೂ ಕೈಗಡಿಯಾರ ಕಳಿಸಿದರು.

ಇನ್ನು ಮೊದಲು ಕೇಳಿದ ಪ್ರಶ್ನೆ: ಇಂಥ ಸ್ನೇಹಕ್ಕೆ ಬೆಲೆಯೇನು? ಡಿಸೆಂಬರ್ 28ರಂದು ಗಾಂಧೀಜಿ ಮುಂಬಯಿಗೆ ಇಳಿದರು. 1932ರ ಜನವರಿ 4ರ ನಸುಕಿನಲ್ಲಿ ಸರ್ಕಾರ ಅವರನ್ನು ಬಂಧಿಸಿತು. ಬೋ ಬಡಾವಣೆಯ ಮಕ್ಕಳ ಪ್ರೀತಿಯಾಗಲಿ, ಗಿರಣಿಯ ಹೆಣ್ಣುಮಕ್ಕಳ ಜಯಕಾರವಾಗಲಿ ಅದನ್ನು ತಡೆಯಲಿಲ್ಲ. ಸ್ನೇಹದಿಂದ ಸಾಮ್ರಾಜ್ಯಗಳು ಕರಗುತ್ತವೆಂದು ಹೇಳಹೊರಟರೆ ಇತಿಹಾಸ ನಮ್ಮ ಪರವಾಗಿ ಸಾಕ್ಷಿ ನುಡಿಯದು.

ಆದರೆ ಸ್ನೇಹವನ್ನು ಫಲದಿಂದಲೇ ಅಳೆಯಬೇಕೆ? ಬಂಧನವಾಗಿ ಮೂರು ವಾರ ಕಳೆಯುವ ಮೊದಲೇ ಯರವಡಾ ಸೆರೆಮನೆಯಿಂದ ಲಂಡನ್ನಿನ ಆ ಮಕ್ಕಳಿಗೆ ಒಂದು ಕಾಗದ ಹೋಯಿತು. ಒಟ್ಟಿಗೆ ಕುಳಿತ ಮಧ್ಯಾಹ್ನ ಅವರು ಕೊಟ್ಟ ಚುರುಕಾದ ಉತ್ತರಗಳನ್ನು ಗಾಂಧೀಜಿ ಅದರಲ್ಲಿ ನೆನೆದರು; ಉಡುಗೊರೆಗೆ ಕೃತಜ್ಞತೆ ಹೇಳಲು ಅಲ್ಲಿ ಬಿಡುವಾಗಲಿಲ್ಲವೆಂದು ಸೆರೆಮನೆಯಿಂದ ಹೇಳಿದರು; ಅವನ್ನು ಆಶ್ರಮದ ಮಕ್ಕಳಿಗೆ ಕೊಡಬೇಕೆಂದಿದ್ದರೂ ಅಲ್ಲಿಯವರೆಗೆ ಹೋಗಲಾಗಲಿಲ್ಲವೆಂದು ಬರೆದರು. ಒಂದು ದೇಶದ ಸ್ವಾತಂತ್ರ್ಯದ ಹೊಣೆ ಹೆಗಲ ಮೇಲಿರುವಾಗ ಉಣ್ಣೆಯ ನಾಯಿಬೊಂಬೆಯ ಋಣವನ್ನು ಮರೆಯದಿರುವುದು ಸಣ್ಣ ಗುಣವಲ್ಲ. ಸ್ವಾತಂತ್ರ್ಯ ಬಂದಾಗ ಇಂಗ್ಲೆಂಡಿನ ಜನಸಾಮಾನ್ಯರನ್ನು ನಾವು ದ್ವೇಷಿಸದೆ ಉಳಿದದ್ದರಲ್ಲಿ ಇಂಥ ಗುಣದ ಪಾಲೂ ಇದೆಯೆಂದು ನಾನು ನಂಬಿದ್ದೇನೆ.

ಕಿಂಗ್ಸ್‌ಲಿ ಹಾಲ್ ಇಂದಿಗೂ ನಿಂತಿದೆ. ಅದರ ಗೋಡೆಯ ಮೇಲೆ ಗಾಂಧೀಜಿಯ ಹೆಸರಿನ ನೀಲಿ ಫಲಕವಿದೆ. ಅಲ್ಪಕಾಲದ ಅತಿಥಿಗಳಾಗಿ ನಾವೂ ಊರೂರು ತಿರುಗುತ್ತೇವೆ. ಕೆಲಸ ಮುಗಿಸಿ, ನೋಡುವುದನ್ನು ನೋಡಿ ಬರುತ್ತೇವೆ. ಇಳಿದುಕೊಳ್ಳುವ ಮನೆ ಯಾವ ಬೀದಿಯಲ್ಲಿರಬೇಕು, ಬೆಳಗ್ಗೆ ಯಾರ ಜೊತೆಗೆ ನಡೆಯಬೇಕು ಎಂಬುದನ್ನು ಆರಿಸಿಕೊಳ್ಳುವ ಅವಕಾಶವಾದರೂ ನಮ್ಮದು. ಹೆಜ್ಜೆಗಳು ಏಳೇ ಸಾಕು.

(ಬಾನುಲಿ ಭಾಷಣ)