ಗಡ್ಡೆಯ ತುಣುಕನ್ನು ಓದಿದವರು: ಎಂ.ಆರ್.ಎಸ್. ರಾವ್

ನಮ್ಮ ಕೊಡಗಿನಲ್ಲಿ ಯಾರಿಗಾದರೂ ತಲೆಯೊಳಗೆ ಗಡ್ಡೆ ಇದೆ ಅಂತ ಗೊತ್ತಾದರೆ ಮುಂದಿನ ದಾರಿ ಎಲ್ಲರಿಗೂ ಗೊತ್ತಿರುವುದೇ. ಕುಶಾಲನಗರ, ಹುಣಸೂರು, ಮೈಸೂರು ದಾಟಿ ಬೆಂಗಳೂರು, ಅಲ್ಲಿ ನಿಮ್ಹಾನ್ಸ್. ಆಪರೇಷನ್ ಮಾಡಿದ ಡಾಕ್ಟರ ಹೆಸರು ಮನೆಯವರಿಗೆ ಜೀವಮಾನವಿಡೀ ನೆನಪಿರುತ್ತದೆ. ಆದರೆ ಹೊರತೆಗೆದ ಆ ಗಡ್ಡೆಯ ಚೂರು ಆಮೇಲೆ ಎಲ್ಲಿಗೆ ಹೋಗುತ್ತದೆ, ಅದನ್ನು ಯಾರು ನೋಡುತ್ತಾರೆ ಅಂತ ನಾವು ಕೇಳುವುದೇ ಇಲ್ಲ. ಹಾಗೆ ನೋಡಿದವರಲ್ಲಿ ಒಬ್ಬರ ಕಥೆ ಇದು.

ಎಂ.ಆರ್. ಸತ್ಯನಾರಾಯಣ ರಾವ್ ಹುಟ್ಟಿದ್ದು 1948ರ ಜನವರಿ 21ರಂದು, ಮೈಸೂರಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್) ಜಿ. ಪದ್ಮನಾಭನ್ ಅವರ ಜೊತೆ ಇಲಿಯ ಲಿವರ್ ಮೇಲೆ ಕೆಲಸ ಮಾಡಿ 1973ರಲ್ಲಿ ಪಿಎಚ್‌ಡಿ ಪಡೆದರು. ನಂತರ ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಬೇಲರ್ ಮೆಡಿಕಲ್ ಕಾಲೇಜಿಗೆ ಹೋದರು. ಅಲ್ಲೇ ಉಳಿಯದೆ ವಾಪಸ್ ಬಂದು ತಾವು ಓದಿದ ಸಂಸ್ಥೆಯಲ್ಲೇ ಮೇಷ್ಟ್ರಾದರು.

ಅವರ ತಲೆಯಲ್ಲಿ ಆಗ ಇದ್ದದ್ದು ಕ್ಯಾನ್ಸರ್ ಅಲ್ಲ. ಅವರ ಪ್ರಶ್ನೆ ಬಹಳ ಸರಳವಾದದ್ದು. ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜಾಗದಲ್ಲಿ ಇಷ್ಟು ಉದ್ದದ ದಾರ ಹೇಗೆ ಹಿಡಿಸುತ್ತದೆ? ಹಿಸ್ಟೋನ್ ಎಂಬ ಪ್ರೋಟೀನುಗಳು ಉಂಡೆಗಳ ಹಾಗೆ ಕೂತಿರುತ್ತವೆ, ದಾರ ಅವುಗಳಿಗೆ ಸುತ್ತಿಕೊಳ್ಳುತ್ತದೆ. ಎಲ್ಲಿ ಸುತ್ತು ಬಿಗಿಯೋ ಅಲ್ಲಿನ ಜೀನ್ ಸಾಮಾನ್ಯವಾಗಿ ಸುಮ್ಮನಿರುತ್ತದೆ, ಸಡಿಲವಾದ ಕಡೆ ಕೆಲಸಕ್ಕಿಳಿಯುತ್ತದೆ.

ವೀರ್ಯಾಣುವಿನಲ್ಲಿ ಜಾಗ ಇನ್ನೂ ಕಡಿಮೆ. ಕಾಫಿ ಮೂಟೆಯನ್ನು ಕುಲುಕಿ ಕುಲುಕಿ ತುಂಬುತ್ತೇವಲ್ಲ, ಹಾಗೆ ಅಲ್ಲಿ ಮತ್ತೊಮ್ಮೆ ಅಡಕ ಮಾಡಬೇಕು. ಅದಕ್ಕಾಗಿ ಹಿಸ್ಟೋನುಗಳು ಜಾಗ ಬಿಡುತ್ತವೆ, ನಡುವೆ ಕೆಲವು ಮಧ್ಯಂತರ ಪ್ರೋಟೀನುಗಳು ಬರುತ್ತವೆ, ಕೊನೆಗೆ ಪ್ರೋಟಮೀನುಗಳು ಬಂದು ಕೂರುತ್ತವೆ. ಟಿಪಿ1, ಟಿಪಿ2 ಎಂಬ ಈ ಮಧ್ಯಂತರ ಪ್ರೋಟೀನುಗಳ ಹಿಂದೆ ರಾವ್ ವರ್ಷಗಟ್ಟಲೆ ಬಿದ್ದರು. ಇದರಿಂದ ಏನು ಪ್ರಯೋಜನ ಅಂತ ಆಗ ಯಾರಾದರೂ ಕೇಳಿದ್ದರೆ ಒಂದು ವಾಕ್ಯದಲ್ಲಿ ಉತ್ತರ ಹೇಳುವುದು ಕಷ್ಟವಿತ್ತು.

ಯಾವ ಜೀನ್ ಯಾವಾಗ ಏಳಬೇಕು, ಯಾವಾಗ ಮಲಗಬೇಕು ಎಂಬ ಲೆಕ್ಕ ತಪ್ಪುವುದು ಕ್ಯಾನ್ಸರಿನ ದೊಡ್ಡ ಲಕ್ಷಣ. ಹಾಗಾಗಿ ಹಳೆಯ ಪ್ರಶ್ನೆಯಿಂದ ಹೊಸದಕ್ಕೆ ದಾರಿ ದೂರವಿರಲಿಲ್ಲ. 2003ರಲ್ಲಿ ಅವರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಧ್ಯಕ್ಷರಾದರು. ಆ ಹೊತ್ತಿಗೆ ಬೆಂಗಳೂರಿನಲ್ಲಿ ಒಂದು ತಂಡ ಕೂಡಿಕೊಂಡಿತ್ತು. ವಿಜ್ಞಾನ ಸಂಸ್ಥೆಯಿಂದ ಕುಮಾರವೇಲ್ ಸೋಮಸುಂದರಂ ಮತ್ತು ಪಿ. ಕೊಂಡಯ್ಯ, ನಿಮ್ಹಾನ್ಸ್‌ನಿಂದ ರೋಗಶಾಸ್ತ್ರಜ್ಞೆ ವಾಣಿ ಸಂತೋಷ್, ಸತ್ಯಸಾಯಿ ಆಸ್ಪತ್ರೆಯಿಂದ ನರಶಸ್ತ್ರವೈದ್ಯ ಎ.ಎಸ್. ಹೆಗ್ಡೆ. ಎಲ್ಲರ ಗುರಿ ಆಸ್ಟ್ರೋಸೈಟೋಮಾ ಎಂಬ ಮಿದುಳಿನ ಗಡ್ಡೆ.

ಈ ಗಡ್ಡೆ ಅತಿ ಕೆಟ್ಟ ಹಂತಕ್ಕೆ ಹೋದಾಗ ಅದನ್ನು ಗ್ಲಿಯೋಬ್ಲಾಸ್ಟೋಮಾ ಅನ್ನುತ್ತಿದ್ದರು. ಕೆಲವರಲ್ಲಿ ಅದು ಒಮ್ಮೆಲೇ ಬರುತ್ತದೆ, ಕೆಲವರಲ್ಲಿ ಸಣ್ಣದಾಗಿದ್ದದ್ದು ನಿಧಾನಕ್ಕೆ ಕೆರಳುತ್ತದೆ. ಮೈಕ್ರೋಸ್ಕೋಪಿನಲ್ಲಿ ಎರಡೂ ಒಂದೇ ಥರ! ಹಾಗಾದರೆ ಬೇರೆ ಮಾಡುವುದು ಹೇಗೆ? ಗಾಜಿನ ಪಟ್ಟಿಯ ಮೇಲೆ ಸಾವಿರಾರು ಜೀನುಗಳ ಚುಕ್ಕೆಗಳನ್ನಿಟ್ಟು, ಗಡ್ಡೆಯಿಂದ ತೆಗೆದ ಆರ್‌ಎನ್‌ಎಗೆ ಹೊಳೆಯುವ ಬಣ್ಣ ಕಟ್ಟಿ ಅದರ ಮೇಲೆ ಹರಿಸಿದರು. ಹೊಳೆದ ಚುಕ್ಕೆ ಎಚ್ಚರವಾಗಿರುವ ಜೀನ್. 2005ರ ಪ್ರಬಂಧದಲ್ಲಿ 1,152 ಜೀನುಗಳನ್ನು ನೋಡಿದ್ದರು. ನಿಧಾನಕ್ಕೆ ಕೆರಳುವ ಗಡ್ಡೆಗಳಲ್ಲಿ ಎಎಸ್‌ಸಿಎಲ್1 ಎಂಬ ಜೀನ್ ಜೋರಾಗಿದ್ದದ್ದು ಕಂಡಿತು. 2008ರ ಹೊತ್ತಿಗೆ ಈ ಪಟ್ಟಿ ಸುಮಾರು 19,000 ಜೀನುಗಳಿಗೆ ಬೆಳೆದಿತ್ತು. ಒಮ್ಮೆಲೇ ಬರುವ ಗಡ್ಡೆಗಳಲ್ಲಿ ಎಫ್‌ಎಸ್‌ಟಿಎಲ್1 ಎಂಬುದು ಹೆಚ್ಚಾಗಿ ಕಾಣಿಸಿತು. ಓದಿದ ಚೂರುಗಳೆಲ್ಲ ಬೆಂಗಳೂರಿನ ಆಸ್ಪತ್ರೆಗಳಿಗೆ ಬಂದ ನಮ್ಮಂಥವರದ್ದೇ.

ಇದರಿಂದ ರೋಗ ವಾಸಿಯಾಯಿತೇ? ಇಲ್ಲ, ಸುಳ್ಳು ಹೇಳಬಾರದು. 2005ರಲ್ಲಿ ಬಂದ ದೊಡ್ಡ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ರೇಡಿಯೇಷನ್ ಜೊತೆ ಟೆಮೊಜೊಲೊಮೈಡ್ ಮಾತ್ರೆ ಕೊಟ್ಟಾಗ ಗ್ಲಿಯೋಬ್ಲಾಸ್ಟೋಮಾ ರೋಗಿಗಳ ಮಧ್ಯಮ ಆಯಸ್ಸು 12.1 ತಿಂಗಳಿಂದ 14.6 ತಿಂಗಳಿಗೆ ಏರಿತು, ಅಷ್ಟೇ. ಇಂದಿಗೂ ಆ ಲೆಕ್ಕ ಬಹಳ ಬದಲಾಗಿಲ್ಲ. ಆದರೆ ರಾವ್ ಮತ್ತು ಗೆಳೆಯರು ಹಿಡಿದಿದ್ದ ಪ್ರಶ್ನೆ ಸರಿಯಾದದ್ದೇ. ಪ್ರಪಂಚದ ಹಲವು ಲ್ಯಾಬುಗಳ ಕೆಲಸ ಸೇರಿ, 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಜೀನ್ ನೋಡಿಯೇ ಈ ಎರಡು ಗಡ್ಡೆಗಳಿಗೆ ಬೇರೆ ಬೇರೆ ಹೆಸರು ಕೊಟ್ಟಿತು. ಎರಡರ ಆಯಸ್ಸಿನ ಲೆಕ್ಕವೂ ಬೇರೆ. ಮನೆಯವರಿಗೆ ಏನು ಹೇಳಬೇಕು ಎಂಬುದು ಇದರ ಮೇಲೆಯೇ ನಿಂತಿದೆ.

ರಾವ್ ಹಳೆಯ ಪ್ರಶ್ನೆಯನ್ನೂ ಬಿಡಲಿಲ್ಲ. 2004ರಲ್ಲಿ ಅವರ ಲ್ಯಾಬು ಇಲಿಯ ವೃಷಣದಲ್ಲಿ ಎಮ್‌ಆರ್‌ಎಚ್‌ಎಲ್ ಎಂಬ ಆರ್‌ಎನ್‌ಎಯನ್ನು ವಿವರಿಸಿತು. ಸುಮಾರು 2,400 ಅಕ್ಷರ ಉದ್ದ, ಆದರೆ ಅದರಿಂದ ಯಾವ ಪ್ರೋಟೀನೂ ಹುಟ್ಟುವುದಿಲ್ಲ. ಕ್ಯಾನ್ಸರಿನಲ್ಲಿ ಆಗಾಗ ಹದ ತಪ್ಪುವ ವಿಂಟ್ ಎಂಬ ಸಂಕೇತ ಜಾಲಕ್ಕೆ ಇದು ಕಡಿವಾಣ ಹಾಕುತ್ತದೆ ಎಂದು ಆಮೇಲೆ ತಿಳಿಯಿತು. 2019ರಲ್ಲಿ ಇದರ ಮನುಷ್ಯ ರೂಪವನ್ನು ರಕ್ತ ಕ್ಯಾನ್ಸರಿನ ಕೋಶಗಳಲ್ಲಿ ಅದೇ ಲ್ಯಾಬು ಪರೀಕ್ಷಿಸಿತು. ವೀರ್ಯಾಣುವಿನಿಂದ ಹೊರಟ ದಾರಿ ಹೀಗೆ ಮತ್ತೆ ಕ್ಯಾನ್ಸರಿಗೇ ಬಂದು ಸೇರಿತು.

2010ರಲ್ಲಿ ಪದ್ಮಶ್ರೀ ಬಂತು. 2013ರಲ್ಲಿ ಅಧ್ಯಕ್ಷ ಹುದ್ದೆ ಮುಗಿದ ಮೇಲೂ ಲ್ಯಾಬ್ ನಡೆಸುತ್ತಲೇ ಇದ್ದರು. 2023ರ ಆಗಸ್ಟ್ 13ರಂದು, 75ನೇ ವಯಸ್ಸಿನಲ್ಲಿ ತೀರಿಕೊಂಡರು.

ಸಾಹಿತಿಗಳು, ನಟರು ಹೋದಾಗ ನಾವೆಲ್ಲ ಪುಟಗಟ್ಟಲೆ ಬರೆಯುತ್ತೇವೆ. ಇಂಥವರ ಬಗ್ಗೆಯೂ ಕನ್ನಡದಲ್ಲಿ ನಾಲ್ಕು ಸಾಲು ಇರಲಿ ಅನ್ನಿಸಿತು. ಮುಂದಿನ ಸಲ ಬೆಂಗಳೂರಿನ ಆಸ್ಪತ್ರೆಯಲ್ಲಿ ಸಂಶೋಧನೆಗೆ ಒಪ್ಪಿಗೆ ಇದೆಯೇ ಅಂತ ಕಾಗದ ಮುಂದಿಟ್ಟರೆ, ಗಾಬರಿಯಾಗದೆ ಒಮ್ಮೆ ಓದಿ, ಕೇಳಿ ತಿಳಿದುಕೊಳ್ಳಿ. ಆ ಚೂರನ್ನು ಕೂತು ಓದುವವರು ಇದ್ದಾರೆ...